ವಾಕ್ ಮತ್ತು ಶ್ರವಣ ದೋಷಗಳಲ್ಲಿ ಮಿದುಳು ಹಾಗೂ ನರಮಂಡಲದ ಪಾತ್ರ

ಪೀಠಿಕೆ

ಕಿವಿ ಕೇಳುತ್ತದೆ, ನಾಲಿಗೆ ಮಾತನಾಡುತ್ತದೆ ಎಂಬುದು ಲೋಕರೂಢಿಯ ತಿಳಿವಳಿಕೆ. ವಾಸ್ತವವಾಗಿ ಕಿವಿಯು ಶಬ್ದವನ್ನು ಸ್ವೀಕರಿಸಿ ನರಗಳಿಗೆ ಒಪ್ಪಿಸುತ್ತದೆ. ನಾಲಿಗೆಯು ನರಗಳ ಆಜ್ಞೆಯನ್ನು ಪಾಲಿಸುತ್ತದೆ. ಕೇಳಿದ್ದನ್ನು ಅರಿಯುವುದು, ಹೇಳಬೇಕಾದುದನ್ನು ರೂಪಿಸುವುದು ಮಿದುಳಿನ ಕಾರ್ಯ. ಆದುದರಿಂದ ಹೊರನೋಟಕ್ಕೆ ಒಂದೇ ಬಗೆಯಾಗಿ ತೋರುವ ಇಬ್ಬರ ದೋಷಗಳ ಮೂಲವು ಬೇರೆ ಬೇರೆ ಸ್ಥಾನಗಳಲ್ಲಿ ಇರಬಹುದು. ಚಿಕಿತ್ಸೆ, ಸಾಧನ ಸಲಕರಣೆ, ಅಂಗವಿಕಲತೆಯ ಪ್ರಮಾಣಪತ್ರ ಇವೆಲ್ಲವೂ ಆ ಸ್ಥಾನವನ್ನು ಅವಲಂಬಿಸಿರುವ ಕಾರಣ, ಸೌಲಭ್ಯಗಳಿಗಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರು ಈ ವಿಷಯವನ್ನು ಅರಿತಿರುವುದು ಅವಶ್ಯಕ.

ಶ್ರವಣದ ಮಾರ್ಗ

ಹೊರಗಿವಿಯನ್ನು ಪ್ರವೇಶಿಸಿದ ಶಬ್ದವು ಕಿವಿಯ ತಮಟೆಯನ್ನು ಕಂಪಿಸುತ್ತದೆ. ನಡುಗಿವಿಯ ಮೂರು ಸಣ್ಣ ಮೂಳೆಗಳ ಮೂಲಕ ಆ ಕಂಪನವು ಒಳಗಿವಿಯಲ್ಲಿರುವ, ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿರುವ ಕಾಕ್ಲಿಯಾವನ್ನು ತಲುಪುತ್ತದೆ. ಅಲ್ಲಿರುವ ರೋಮಕೋಶಗಳು ಕಂಪನವನ್ನು ವಿದ್ಯುತ್ ಸಂಕೇತವಾಗಿ ಪರಿವರ್ತಿಸುತ್ತವೆ. ಒಂದು ಕಿವಿಯಲ್ಲಿ ಇಂಥ ಕೋಶಗಳು ಸುಮಾರು 15,000 ಮಾತ್ರ ಇದ್ದು, ನಾಶವಾದವು ಮನುಷ್ಯರಲ್ಲಿ ಮರಳಿ ಬೆಳೆಯುವುದಿಲ್ಲ. ಇಲ್ಲಿಂದ ಸುಮಾರು 30,000 ಎಳೆಗಳುಳ್ಳ ಶ್ರವಣ ನರವು ಸಂಕೇತವನ್ನು ಮಿದುಳುಕಾಂಡಕ್ಕೆ ಒಯ್ಯುತ್ತದೆ. ಅನಂತರ ಹಲವು ಘಟ್ಟಗಳನ್ನು ದಾಟಿ ಅದು ಕಣತಲೆಯ ಒಳಭಾಗದಲ್ಲಿರುವ ಮಿದುಳಿನ ಹೊರಪದರವನ್ನು ಸೇರುತ್ತದೆ.

ಮಿದುಳುಕಾಂಡದಲ್ಲಿ ಎರಡು ಕಿವಿಗಳ ಮಾರ್ಗಗಳು ಪರಸ್ಪರ ಕೂಡಿ ಹಂಚಿಹೋಗುತ್ತವೆ. ಒಂದೊಂದು ಕಿವಿಯ ಸಂಕೇತವೂ ಮಿದುಳಿನ ಎರಡು ಬದಿಗಳಿಗೂ ತಲುಪುವ ಕಾರಣ, ಮಿದುಳಿನ ಒಂದು ಬದಿಗೆ ಪೆಟ್ಟಾದ ಮಾತ್ರಕ್ಕೆ ಸಾಮಾನ್ಯವಾಗಿ ಕಿವುಡುತನ ಬರುವುದಿಲ್ಲ. ಪಾರ್ಶ್ವವಾಯು ಪೀಡಿತರು ಪ್ರಶ್ನೆಗೆ ಉತ್ತರಿಸದಿದ್ದಾಗ ಕಿವಿ ಹೋಯಿತೆಂದು ಭಾವಿಸಿ ಗಟ್ಟಿಯಾಗಿ ಕೂಗುವುದು ಮನೆಗಳಲ್ಲಿಯೂ ಕಚೇರಿಗಳಲ್ಲಿಯೂ ಕಂಡುಬರುವ ಸಂಗತಿ. ಇದರಿಂದ ಅವರಿಗೆ ಗಾಬರಿಯಾಗುವುದೇ ಹೊರತು ಪ್ರಯೋಜನವಿಲ್ಲ.

ಇದಕ್ಕೆ ವ್ಯತಿರಿಕ್ತವಾಗಿ, ಒಂದೇ ಕಿವಿಯ ಶ್ರವಣವು ಹಠಾತ್ತನೆ ಕುಂದಿದಲ್ಲಿ ಒಳಗಿವಿ ಅಥವಾ ಶ್ರವಣ ನರದ ತೊಂದರೆಯನ್ನು ಮೊದಲು ಶಂಕಿಸಲಾಗುತ್ತದೆ. ಇಂಥವರು ವಾರಗಟ್ಟಲೆ ಕಾಯದೆ ಕಿವಿ, ಮೂಗು, ಗಂಟಲು ತಜ್ಞರನ್ನು ಕೂಡಲೇ ಕಾಣತಕ್ಕದ್ದು. ಇದರ ಔಷಧೋಪಚಾರವು ಮೊದಲ ಎರಡು ವಾರಗಳೊಳಗೆ ಆರಂಭವಾದರೆ ಮಾತ್ರ ಹೆಚ್ಚಿನ ಫಲ ನಿರೀಕ್ಷಿಸಬಹುದು.

ಶಬ್ದ ಕೇಳುತ್ತದೆ, ಮಾತು ತಿಳಿಯುವುದಿಲ್ಲ

ಕೆಲವರಲ್ಲಿ ರೋಮಕೋಶಗಳು ಸರಿಯಾಗಿದ್ದರೂ ಶ್ರವಣ ನರವು ಸಂಕೇತಗಳನ್ನು ಏಕಕಾಲಕ್ಕೆ, ಕ್ರಮಬದ್ಧವಾಗಿ ಸಾಗಿಸುವುದಿಲ್ಲ. ಈ ಸ್ಥಿತಿಗೆ ಆಡಿಟರಿ ನ್ಯೂರೋಪತಿ ಎಂದು ಹೆಸರು. 1996ರಿಂದ ಇದನ್ನು ಈ ಹೆಸರಿನಲ್ಲಿ ಗುರುತಿಸಲಾಗುತ್ತಿದೆ. ಇಂಥವರಿಗೆ ಬಾಗಿಲ ಸದ್ದು ಕೇಳುತ್ತದೆ, ವಾಹನದ ಹಾರನ್ ಕೇಳುತ್ತದೆ, ಆದರೆ ಎದುರಿಗಿರುವವರ ಮಾತು ಅಸ್ಪಷ್ಟವಾಗಿರುತ್ತದೆ. ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ ಇನ್ನೂ ಕಷ್ಟ. "ಬೇಕಾದಾಗ ಕೇಳುತ್ತದೆ, ಬೇಡವಾದಾಗ ಕೇಳುವುದಿಲ್ಲ" ಎಂಬ ನಿಂದೆಗೆ ಇವರು ಗುರಿಯಾಗುತ್ತಾರೆ. ನವಜಾತ ಶಿಶುವಿನ ತೀವ್ರ ಕಾಮಾಲೆ, ಅವಧಿಗೆ ಮುನ್ನ ಜನನ, ಉಸಿರುಗಟ್ಟುವಿಕೆ ಹಾಗೂ ಕೆಲವು ಅನುವಂಶಿಕ ಕಾರಣಗಳು ಇದರ ಹಿಂದೆ ಇರುತ್ತವೆ.

ಇದನ್ನು ಪತ್ತೆ ಹಚ್ಚಲು ಎರಡು ಪರೀಕ್ಷೆಗಳು ಬೇಕಾಗುತ್ತವೆ. ಒಳಗಿವಿಯೇ ಹೊರಡಿಸುವ ಸೂಕ್ಷ್ಮ ಧ್ವನಿಯನ್ನು ಅಳೆಯುವ ಓಎಇ ಪರೀಕ್ಷೆಯು ರೋಮಕೋಶಗಳ ಸ್ಥಿತಿಯನ್ನು ತಿಳಿಸುತ್ತದೆ. ತಲೆಯ ಮೇಲೆ ಸಣ್ಣ ಬಿಲ್ಲೆಗಳನ್ನಿಟ್ಟು ಮಾಡುವ ಬೆರಾ ಪರೀಕ್ಷೆಯು ನರ ಹಾಗೂ ಮಿದುಳುಕಾಂಡದಲ್ಲಿ ಸಂಕೇತ ಸಾಗುವುದನ್ನು ದಾಖಲಿಸುತ್ತದೆ. ಮೊದಲನೆಯದು ಸರಿಯಾಗಿದ್ದು ಎರಡನೆಯದರಲ್ಲಿ ಪ್ರತಿಕ್ರಿಯೆ ಇಲ್ಲದಿದ್ದಲ್ಲಿ ದೋಷವು ನರದ ಘಟ್ಟದಲ್ಲಿದೆಯೆಂದು ಊಹಿಸಲಾಗುತ್ತದೆ. ಎರಡೂ ನೋವಿಲ್ಲದ ಪರೀಕ್ಷೆಗಳು; ನಿದ್ರಿಸುತ್ತಿರುವ ಕೂಸಿಗೂ ಮಾಡಬಹುದು. ತೀವ್ರ ನಿಗಾ ಘಟಕದಲ್ಲಿದ್ದ ಶಿಶುವಿಗೆ ಓಎಇ ಒಂದನ್ನೇ ಮಾಡಿ ಸರಿಯಿದೆಯೆಂದು ಕಳುಹಿಸಿದ್ದಲ್ಲಿ, ಪೋಷಕರು ಬೆರಾ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳುವುದು ಒಳಿತು.

ಮಕ್ಕಳಲ್ಲಿ ಮಾತು ಬಾರದಿರುವಿಕೆ

ಮಿದುಳು ಭಾಷೆಯನ್ನು ಅತಿ ಸುಲಭವಾಗಿ ಕಲಿಯುವುದು ಜೀವನದ ಮೊದಲ ಕೆಲವು ವರ್ಷಗಳಲ್ಲಿ. ಆ ಅವಧಿಯಲ್ಲಿ ಶಬ್ದವೂ ಇಲ್ಲದೆ, ಸನ್ನೆಯ ಭಾಷೆಯೂ ಇಲ್ಲದೆ ಕಳೆದ ಮಗುವಿನ ಮಿದುಳಿಗೆ ಭಾಷೆಯ ಆಧಾರವೇ ದೊರೆಯುವುದಿಲ್ಲ. ಮಾತು ಬಾರದ ಮಗುವಿನ ನಾಲಿಗೆಗೆ ಬಜೆ ತೇಯ್ದು ಹಚ್ಚುವುದು, ನಾಲಿಗೆಯ ಕೆಳಗಿನ ಪೊರೆಯನ್ನು ಕೊಯ್ಯಿಸುವುದು, "ತಂದೆಯೂ ತಡವಾಗಿ ಮಾತನಾಡಿದ್ದ" ಎಂದು ಕಾಯುವುದು ನಮ್ಮಲ್ಲಿ ರೂಢಿ. ಇಂಥ ಅನೇಕ ಮಕ್ಕಳ ನಾಲಿಗೆಯಲ್ಲಿ ಯಾವ ದೋಷವೂ ಇರುವುದಿಲ್ಲ. ಅವರಿಗೆ ಕೇಳುತ್ತಿಲ್ಲ, ಅಷ್ಟೇ. ಒಂದು ತಿಂಗಳೊಳಗೆ ಶ್ರವಣ ತಪಾಸಣೆ, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ಶ್ರವಣ ಸಾಧನ ಅಥವಾ ತರಬೇತಿ ಎಂಬುದು ಅಂಗೀಕೃತ ಕ್ರಮ. ಮಿದುಳು ಪೊರೆಯ ಉರಿಯೂತದಿಂದ ಕಿವುಡಾದ ಮಗುವಿನ ವಿಷಯದಲ್ಲಿ ಇನ್ನೂ ಹೆಚ್ಚಿನ ತ್ವರೆ ಬೇಕು. ಕಾಕ್ಲಿಯಾದ ಒಳಗೆ ಮೂಳೆ ಬೆಳೆದು ಮುಚ್ಚಿಕೊಂಡರೆ ಕಾಕ್ಲಿಯರ್ ಇಂಪ್ಲಾಂಟ್ ಅಳವಡಿಸುವುದು ಕಷ್ಟವಾಗುತ್ತದೆ.

ಭಾಷೆಯ ನೆಲೆ

ಪ್ಯಾರಿಸ್ ಬಳಿಯ ಬಿಸೆತ್ರ್ ಆಸ್ಪತ್ರೆಯಲ್ಲಿ 1861ರಲ್ಲಿ ಲೆಬೋರ್ನ್ ಎಂಬ ರೋಗಿಯನ್ನು ವೈದ್ಯ ಪಾಲ್ ಬ್ರೋಕಾ ಪರೀಕ್ಷಿಸಿದರು. ಯಾವ ಪ್ರಶ್ನೆ ಕೇಳಿದರೂ ಆತನಿಂದ ಬರುತ್ತಿದ್ದುದು ಬಹುತೇಕ "ತಾನ್" ಎಂಬ ಒಂದೇ ಉಚ್ಚಾರ. ಬಲಗೈ ಸ್ವಾಧೀನದಲ್ಲಿರಲಿಲ್ಲ. ಆಸ್ಪತ್ರೆಗೆ ಸೇರಿ ಎಷ್ಟು ವರ್ಷವಾಯಿತೆಂದು ಕೇಳಿದಾಗ ಆತನು ಎಡಗೈಯ ಐದು ಬೆರಳುಗಳನ್ನು ನಾಲ್ಕು ಬಾರಿ ಬಿಚ್ಚಿ ತೋರಿಸಿ, ಅನಂತರ ಒಂದು ಬೆರಳನ್ನು ಎತ್ತಿದನು. 21 ವರ್ಷ; ಉತ್ತರ ಸರಿಯಾಗಿತ್ತು. ಕೆಲವೇ ದಿನಗಳಲ್ಲಿ ಆತನು ತೀರಿಕೊಂಡಾಗ ಮಿದುಳಿನ ಎಡಬದಿಯ ಮುಂಭಾಗದಲ್ಲಿ ಹಾನಿ ಕಂಡುಬಂದಿತು. 1874ರಲ್ಲಿ ಜರ್ಮನಿಯ ಕಾರ್ಲ್ ವರ್ನಿಕೆ ಅವರು ಮಿದುಳಿನ ಕಣತಲೆಯ ಭಾಗಕ್ಕೆ ಹಾನಿಯಾದಾಗ ಮಾತು ಸರಾಗವಾಗಿದ್ದರೂ ಅರ್ಥಗ್ರಹಣ ಕೆಡುವುದನ್ನು ವಿವರಿಸಿದರು. ಭಾಷೆಯು ಎರಡು ಕೇಂದ್ರಗಳಿಗೆ ಸೀಮಿತವಲ್ಲ, ವಿಸ್ತಾರವಾದ ನರಜಾಲದ ಕಾರ್ಯವೆಂದು ಇಂದು ತಿಳಿದಿದೆ. ಆದರೂ ಬಲಗೈ ರೂಢಿಯ ಬಹುಪಾಲು ಜನರಲ್ಲಿ ಭಾಷೆಯು ಎಡ ಮಿದುಳನ್ನು ಅವಲಂಬಿಸಿದೆಯೆಂಬ ಮಾತು ನಿಂತಿದೆ. ಹುಟ್ಟು ಕಿವುಡರು ಬಳಸುವ ಸನ್ನೆ ಭಾಷೆಯೂ ಎಡ ಮಿದುಳಿನ ಪೆಟ್ಟಿನಿಂದ ಕೆಡುತ್ತದೆ ಎಂಬುದು ಗಮನಾರ್ಹ. ಭಾಷೆಯೆಂದರೆ ಧ್ವನಿ ಮಾತ್ರವಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಹೀಗೆ ಪೆಟ್ಟಿನಿಂದ ಭಾಷೆ ಕುಂದುವುದನ್ನು ಅಫೇಸಿಯಾ ಅಥವಾ ಭಾಷಾಲೋಪ ಎನ್ನಲಾಗುತ್ತದೆ. ಪಾರ್ಶ್ವವಾಯು ಇದರ ಪ್ರಮುಖ ಕಾರಣ. ರಸ್ತೆ ಅಪಘಾತ, ಮಿದುಳಿನ ಗಡ್ಡೆ, ಸೋಂಕು ಇತರ ಕಾರಣಗಳು. ಒಂದು ಬಗೆಯಲ್ಲಿ ಮಾತು ತಡವರಿಸಿ, "ನಾನು ನಾಳೆ ಆಸ್ಪತ್ರೆಗೆ ಹೋಗುತ್ತೇನೆ" ಎನ್ನಬೇಕಾದವರು "ನಾಳೆ… ಆಸ್ಪತ್ರೆ… ಹೋಗು" ಎಂದು ವಿಭಕ್ತಿ, ಕ್ರಿಯಾಪದಗಳ ಕೊನೆಗಳನ್ನು ಬಿಟ್ಟುಬಿಡುತ್ತಾರೆ. ಇನ್ನೊಂದು ಬಗೆಯಲ್ಲಿ ಮಾತು ಧಾರಾಳವಾಗಿ ಹರಿಯುತ್ತದೆ, ಅರ್ಥ ಮಾತ್ರ ಇರುವುದಿಲ್ಲ. ಇಂಥವರನ್ನು ಬುದ್ಧಿಭ್ರಮಣೆಯಾಯಿತೆಂದು ತಪ್ಪಾಗಿ ತಿಳಿಯುವುದುಂಟು. ಹಲವರಿಗೆ ಹೆಸರುಗಳು ಮಾತ್ರ ಒದಗುವುದಿಲ್ಲ: ಲೋಟವನ್ನು ತೋರಿಸಿದರೆ "ಅದೇ, ನೀರು ಕುಡಿಯುವುದು" ಎನ್ನುತ್ತಾರೆ. ತನ್ನ ಹೆಸರನ್ನೇ ಹೇಳಲಾರದ ವ್ಯಕ್ತಿಯು ಒಂದರಿಂದ ಹತ್ತು ಎಣಿಸುವುದು, ವಾರದ ಹೆಸರುಗಳನ್ನು ಒಪ್ಪಿಸುವುದು, ಬಾಯಿಪಾಠದ ಭಜನೆಯನ್ನು ಹಾಡುವುದು ಸಾಧ್ಯ. ಇದನ್ನು ಕಂಡ ಬಂಧುಗಳು "ನಟಿಸುತ್ತಿದ್ದಾರೆ" ಎನ್ನಬಾರದು. ರೂಢಿಗತವಾದ ಸರಣಿ ಮಾತು ಮತ್ತು ರಾಗವು ಹೊಸದಾಗಿ ವಾಕ್ಯ ಕಟ್ಟುವ ಕ್ರಿಯೆಗಿಂತ ಭಿನ್ನವಾದ ನರಮಾರ್ಗಗಳನ್ನು ಆಶ್ರಯಿಸಿವೆ. ರಾಗದ ಮೂಲಕ ಮಾತನ್ನು ಮರಳಿ ಕಲಿಸುವ ಒಂದು ಚಿಕಿತ್ಸಾ ಪದ್ಧತಿಯೂ ಇದನ್ನೇ ಆಧರಿಸಿದೆ.

ಕರ್ನಾಟಕದಲ್ಲಿ ಮನೆಯಲ್ಲಿ ತುಳು, ಉರ್ದು, ತೆಲುಗು ಅಥವಾ ಕೊಂಕಣಿ, ವ್ಯವಹಾರದಲ್ಲಿ ಕನ್ನಡ, ಉದ್ಯೋಗದಲ್ಲಿ ಇಂಗ್ಲಿಷ್ ಬಳಸುವವರು ಅನೇಕರು. ಅಫೇಸಿಯಾದಲ್ಲಿ ಎಲ್ಲ ಭಾಷೆಗಳೂ ಒಟ್ಟಿಗೆ ಚೇತರಿಸಿಕೊಳ್ಳುವುದು ಹೆಚ್ಚು. ಕೆಲವರಲ್ಲಿ ಒಂದು ಮಾತ್ರ ಮೊದಲು ಮರಳುತ್ತದೆ. ಆದುದರಿಂದ ರೋಗಿಯು ಬಲ್ಲ ಎಲ್ಲ ಭಾಷೆಗಳನ್ನು ವಾಕ್ ತಜ್ಞರಿಗೆ ತಿಳಿಸತಕ್ಕದ್ದು.

ಇತರ ನರಸಂಬಂಧಿ ವಾಗ್ದೋಷಗಳು

ಭಾಷೆ ಕೆಡದೆ ಉಚ್ಚಾರ ಮಾತ್ರ ಕೆಡುವುದು ಡಿಸಾರ್ಥ್ರಿಯಾ. ತುಟಿ, ನಾಲಿಗೆ, ಗಂಟಲಿನ ಸ್ನಾಯುಗಳಿಗೆ ಹೋಗುವ ನರಗಳು ಅಥವಾ ಅವುಗಳನ್ನು ನಿಯಂತ್ರಿಸುವ ಮಿದುಳಿನ ಭಾಗಗಳು ದುರ್ಬಲವಾಗಿರುವುದೇ ಇದಕ್ಕೆ ಕಾರಣ. ಇಂಥವರು ಬರೆದು ಸರಿಯಾಗಿ ತಿಳಿಸಬಲ್ಲರು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಧ್ವನಿ ಕ್ಷೀಣಿಸುತ್ತದೆ. ಧ್ವನಿಪೆಟ್ಟಿಗೆಯ ಎಡನರವು ಎದೆಯವರೆಗೆ ಇಳಿದು ಮರಳಿ ಏರುವುದರಿಂದ ಎದೆಯ ಕಾಯಿಲೆಗಳೂ ಗಂಟಲನ್ನು ಕೆಡಿಸಬಲ್ಲವು. ಮೂರು ವಾರ ಮೀರಿದ ಒಡಕು ಧ್ವನಿಯನ್ನು ತಜ್ಞರಿಗೆ ತೋರಿಸಬೇಕು. ಉಗ್ಗುವಿಕೆಯು ಹೆದರಿಕೆಯಿಂದಾಗಲಿ ದುರಭ್ಯಾಸದಿಂದಾಗಲಿ ಹುಟ್ಟುವುದಿಲ್ಲ; ಅದರಲ್ಲಿ ಅನುವಂಶಿಕತೆ ಹಾಗೂ ಮಿದುಳಿನ ಮಾತಿನ ಜಾಲದ ವ್ಯತ್ಯಾಸಗಳು ಕಂಡುಬಂದಿವೆ.

ತುರ್ತು ಲಕ್ಷಣಗಳು

ಮಾತು ಹಠಾತ್ತನೆ ತೊದಲುವುದು ಅಥವಾ ನಿಲ್ಲುವುದು, ಬಾಯಿ ಒಂದು ಬದಿಗೆ ಸೊಟ್ಟಗಾಗುವುದು, ಒಂದು ಕೈ ಎತ್ತಲಾಗದಿರುವುದು ಪಾರ್ಶ್ವವಾಯುವಿನ ಲಕ್ಷಣಗಳು. ರಕ್ತದ ಹೆಪ್ಪನ್ನು ಕರಗಿಸುವ ಔಷಧವನ್ನು ಅರ್ಹ ರೋಗಿಗಳಿಗೆ ಲಕ್ಷಣ ಕಂಡ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುತ್ತದೆ. ಲಕ್ವಕ್ಕೆ ನಾಟಿ ಔಷಧಿ ಹುಡುಕುತ್ತಾ ಹೋದ ಸಮಯ ಮರಳಿ ಬಾರದು. 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಸೌಲಭ್ಯವುಳ್ಳ ಆಸ್ಪತ್ರೆಗೆ ಸಾಗಿಸತಕ್ಕದ್ದು. ಲಕ್ಷಣಗಳು ಆರಂಭವಾದ ವೇಳೆಯನ್ನು ವೈದ್ಯರಿಗೆ ತಿಳಿಸುವುದನ್ನು ಮರೆಯಬಾರದು.

ಕಾನೂನಿನಲ್ಲಿ ಈ ದೋಷಗಳ ಸ್ಥಾನ

1995ರ ಅಂಗವಿಕಲರ ಅಧಿನಿಯಮದಲ್ಲಿದ್ದ ಏಳು ವರ್ಗಗಳ ಪೈಕಿ ಶ್ರವಣದೋಷವಿತ್ತು. ವಾಗ್ದೋಷಕ್ಕೆ ಪ್ರತ್ಯೇಕ ಸ್ಥಾನವಿರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು 21 ವರ್ಗಗಳನ್ನು ಗುರುತಿಸಿದ್ದು, ವಾಕ್ ಮತ್ತು ಭಾಷಾ ವೈಕಲ್ಯವನ್ನು ಪ್ರತ್ಯೇಕವಾಗಿ ಸೇರಿಸಿದೆ. ಧ್ವನಿಪೆಟ್ಟಿಗೆಯನ್ನು ತೆಗೆದುಹಾಕಿದ ಪ್ರಕರಣ ಹಾಗೂ ಅಫೇಸಿಯಾ ಎರಡನ್ನೂ ಅದು ಹೆಸರಿಸಿ ಉಲ್ಲೇಖಿಸುತ್ತದೆ. ಆದಕಾರಣ ಪಾರ್ಶ್ವವಾಯುವಿನಿಂದ ಕೈಕಾಲಿನ ಸ್ವಾಧೀನದ ಜೊತೆ ಭಾಷೆಯನ್ನೂ ಕಳೆದುಕೊಂಡವರು ಅರ್ಜಿಯಲ್ಲಿ ಎರಡನ್ನೂ ನಮೂದಿಸಬೇಕು. ಚಲನಾಂಗ ವೈಕಲ್ಯವನ್ನಷ್ಟೇ ಬರೆದು ಮಾತಿನ ನಷ್ಟವನ್ನು ಬಿಟ್ಟುಬಿಡುವುದು ಸಾಮಾನ್ಯ ಲೋಪ.

ಶ್ರವಣದೋಷದ ವ್ಯಾಖ್ಯೆಯು ಡೆಸಿಬಲ್ ಆಧಾರಿತವಾಗಿದೆ: ಎರಡೂ ಕಿವಿಗಳಲ್ಲಿ ಮಾತಿನ ಆವರ್ತನಗಳಲ್ಲಿ 70 ಡೆಸಿಬಲ್ ನಷ್ಟವಿದ್ದವರು ಕಿವುಡರು, 60ರಿಂದ 70 ಡೆಸಿಬಲ್ ನಷ್ಟವಿದ್ದವರು ಮಂದಶ್ರವಣದವರು. ಡೆಸಿಬಲ್ ಶಬ್ದದ ಮಟ್ಟವನ್ನು ಅಳೆಯುತ್ತದೆಯೇ ಹೊರತು ಅರ್ಥಗ್ರಹಣವನ್ನಲ್ಲ. ಆಡಿಟರಿ ನ್ಯೂರೋಪತಿಯುಳ್ಳವರಿಗೆ ಈ ಅಳತೆಯೊಂದೇ ಪೂರ್ಣ ನ್ಯಾಯ ಒದಗಿಸಲಾರದು. ಅವರು ಶ್ರವಣ ನಕ್ಷೆಯೊಂದಿಗೆ ಬೆರಾ, ಓಎಇ ಹಾಗೂ ಮಾತು ಗ್ರಹಿಕೆಯ ಪರೀಕ್ಷಾ ವರದಿಗಳನ್ನು ಲಗತ್ತಿಸುವುದು ಸೂಕ್ತ.

ಅಫೇಸಿಯಾ ಉಳ್ಳವರು ಬುದ್ಧಿ ಕಳೆದುಕೊಂಡವರಲ್ಲ. ವಿಕಲಚೇತನರು ಆಸ್ತಿ ಹೊಂದುವ, ಹಣಕಾಸಿನ ವ್ಯವಹಾರವನ್ನು ತಾವೇ ನಿಯಂತ್ರಿಸುವ ಹಕ್ಕನ್ನು 2016ರ ಅಧಿನಿಯಮದ 13ನೇ ಪ್ರಕರಣವು ಮಾನ್ಯಮಾಡಿದೆ. ಎಡ ಮಿದುಳಿನ ಪೆಟ್ಟು ಬಲಗೈಯನ್ನೂ ಬಾಧಿಸುವುದರಿಂದ ಹಳೆಯ ಸಹಿ ಬಾರದಿರುವುದು ಸಹಜ. ಸಹಿ ಹೊಂದುತ್ತಿಲ್ಲವೆಂಬುದು ಸಮ್ಮತಿ ಇಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಪಿಂಚಣಿ, ಬ್ಯಾಂಕ್, ನೋಂದಣಿ ಮುಂತಾದ ವ್ಯವಹಾರಗಳಲ್ಲಿ ಚಿಕ್ಕ ವಾಕ್ಯಗಳಲ್ಲಿ, ಹೌದು ಅಥವಾ ಇಲ್ಲ ಎಂಬ ಉತ್ತರ ಬರುವಂತೆ ಪ್ರಶ್ನಿಸಿ, ಚಿತ್ರ ಅಥವಾ ಬರಹ ತೋರಿಸಿ, ಉತ್ತರಕ್ಕೆ ಸಮಯ ಕೊಟ್ಟಲ್ಲಿ ಅನೇಕರು ತಮ್ಮ ಇಚ್ಛೆಯನ್ನು ಸ್ಪಷ್ಟವಾಗಿ ತಿಳಿಸಬಲ್ಲರು. ಕೆಲವರಲ್ಲಿ ಹೌದು, ಇಲ್ಲ ಎಂಬ ಪದಗಳೇ ಅದಲುಬದಲಾಗುವ ಕಾರಣ ಪ್ರಶ್ನೆಯನ್ನು ತಿರುಗಿಸಿ ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಳ್ಳಬೇಕು.

ಅರ್ಜಿ ಮತ್ತು ತಪಾಸಣೆ

ವಿಶಿಷ್ಟ ಗುರುತಿನ ಚೀಟಿಗಾಗಿ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಸಲ್ಲಿಸಿದ ಬಳಿಕ ಅಧಿಕೃತ ಆಸ್ಪತ್ರೆಯ ವೈದ್ಯಕೀಯ ಪ್ರಾಧಿಕಾರವು ತಪಾಸಣೆ ನಡೆಸುತ್ತದೆ. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಹಾಗೂ ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದಕ್ಕೆ ನೆರವಾಗುತ್ತಾರೆ. ಹಲವು ಸೌಲಭ್ಯಗಳಿಗೆ ಕನಿಷ್ಠ ಶೇಕಡಾ 40ರಷ್ಟು ವೈಕಲ್ಯ ಅಗತ್ಯ. 1965ರಲ್ಲಿ ಸ್ಥಾಪಿತವಾದ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹಾಗೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿವರವಾದ ಪರೀಕ್ಷೆಗಳ ಸೌಲಭ್ಯವಿದೆ. ಅಫೇಸಿಯಾದ ಪ್ರಮಾಣವನ್ನು ಅಳೆಯುವ ವೆಸ್ಟರ್ನ್ ಅಫೇಸಿಯಾ ಬ್ಯಾಟರಿಯ ಕನ್ನಡ ರೂಪವೂ ಲಭ್ಯವಿದೆ.

ಪಾರ್ಶ್ವವಾಯುವಿನ ಅನಂತರದ ಮೊದಲ ಮೂರು ತಿಂಗಳುಗಳಲ್ಲಿ ಸಹಜ ಚೇತರಿಕೆಯು ಅತ್ಯಧಿಕ. ಆದ್ದರಿಂದ ಆರಂಭದ ದಿನಗಳಲ್ಲಿ ಶಾಶ್ವತ ವೈಕಲ್ಯವನ್ನು ನಿರ್ಧರಿಸಲಾಗುವುದಿಲ್ಲ. ಪ್ರಮಾಣಪತ್ರಕ್ಕೆ ಕಾಯಬೇಕಾಗಿ ಬರುವುದು ಚಿಕಿತ್ಸೆಗೂ ಅನ್ವಯಿಸುತ್ತದೆಂದು ಯಾರೂ ಭಾವಿಸಬಾರದು. ರೋಗಿಯ ಆರೋಗ್ಯ ಸ್ಥಿರವಾದ ಕೂಡಲೇ ವಾಕ್ ಚಿಕಿತ್ಸೆಯನ್ನು ಪ್ರಾರಂಭಿಸಬೇಕು. ಶೇಕಡಾವಾರು ಕಡಿಮೆಯಾದೀತೆಂಬ ಅಂಜಿಕೆಯಿಂದ ಚಿಕಿತ್ಸೆಯನ್ನು ಮುಂದೂಡಿದವರು ಮರಳಿ ಪಡೆಯಬಹುದಾಗಿದ್ದ ಮಾತನ್ನು ಕಳೆದುಕೊಳ್ಳುವ ಸಂಭವವಿದೆ.

ತಪಾಸಣೆಗೆ ಬರುವಾಗ ಆಸ್ಪತ್ರೆಯ ಬಿಡುಗಡೆ ಪತ್ರ, ಸ್ಕ್ಯಾನ್ ವರದಿ, ಶ್ರವಣ ಪರೀಕ್ಷೆಯ ವರದಿಗಳು, ಬಳಸುತ್ತಿರುವ ಕನ್ನಡಕ ಹಾಗೂ ಶ್ರವಣ ಸಾಧನಗಳನ್ನು ತರತಕ್ಕದ್ದು. ಜೊತೆಗೆ ಬರುವ ಬಂಧುಗಳು ಪರೀಕ್ಷಕರ ಪ್ರಶ್ನೆಗಳಿಗೆ ತಾವೇ ಉತ್ತರಿಸದೆ, ಅರ್ಜಿದಾರರು ತಮಗೆ ಸಾಧ್ಯವಾದ ರೀತಿಯಲ್ಲಿ, ಮಾತಿನಿಂದಾಗಲಿ ಸನ್ನೆಯಿಂದಾಗಲಿ ಬೆರಳೆಣಿಕೆಯಿಂದಾಗಲಿ, ಉತ್ತರಿಸಲು ಅವಕಾಶ ನೀಡಬೇಕು.