ನೆರೆಯ ಯಂತ್ರಗಳ ಪಾತ್ರ ವಹಿಸುವ ತಂತ್ರಾಂಶ

1990ರ ಜನವರಿ 15ರ ಮಧ್ಯಾಹ್ನ ಅಮೆರಿಕದ ಎಟಿ ಅಂಡ್ ಟಿ ಕಂಪನಿಯ ದೂರವಾಣಿ ಜಾಲ ಇದ್ದಕ್ಕಿದ್ದಂತೆ ಕುಸಿಯಿತು. ಸುಮಾರು 9 ಗಂಟೆಗಳ ಕಾಲ ಆ ಜಾಲದ ದೂರದ ಕರೆಗಳಲ್ಲಿ ಅರ್ಧದಷ್ಟು ತಲುಪಲೇ ಇಲ್ಲ. ಯಾವ ತಂತಿಯೂ ತುಂಡಾಗಿರಲಿಲ್ಲ, ಯಾವ ಯಂತ್ರವೂ ಸುಟ್ಟಿರಲಿಲ್ಲ. ಹಾಗಾದರೆ ಆದದ್ದೇನು?

ಜಾಲದಲ್ಲಿ 4ಇಎಸ್‌ಎಸ್ ಮಾದರಿಯ 114 ವಿನಿಮಯ ಕೇಂದ್ರಗಳಿದ್ದವು. ನ್ಯೂಯಾರ್ಕಿನ ಒಂದು ಕೇಂದ್ರದಲ್ಲಿ ಸಣ್ಣ ದೋಷ ಕಾಣಿಸಿಕೊಂಡಿತು. ನಿಯಮದಂತೆ ಅದು ಕೆಲವು ಸೆಕೆಂಡು ಕೆಲಸ ನಿಲ್ಲಿಸಿ, ತನ್ನನ್ನು ಸರಿಪಡಿಸಿಕೊಂಡು, ಮತ್ತೆ ಕರೆ ಕಳಿಸತೊಡಗಿತು. ಅದರ ಸಂದೇಶ ಬಂದೊಡನೆ ನೆರೆಯ ಕೇಂದ್ರಗಳು 'ನ್ಯೂಯಾರ್ಕ್ ಮರಳಿದೆ' ಎಂದು ಗುರುತು ಹಾಕಿಕೊಳ್ಳಬೇಕು. ಹಾಗೆ ಗುರುತು ಹಾಕುತ್ತಿರುವಾಗಲೇ, ಸೆಕೆಂಡಿನ ನೂರನೆಯ ಒಂದು ಭಾಗದೊಳಗೆ ಎರಡನೆಯ ಸಂದೇಶ ಬಂದರೆ, ಹೊಸದಾಗಿ ಅಳವಡಿಸಿದ್ದ ತಂತ್ರಾಂಶ ದತ್ತಾಂಶವನ್ನೇ ಕೆಡಿಸುತ್ತಿತ್ತು. ಕಾರಣ, ಸಿ ಭಾಷೆಯಲ್ಲಿ ತಪ್ಪು ಜಾಗದಲ್ಲಿ ಕುಳಿತ ಒಂದು 'ಬ್ರೇಕ್' ಆಜ್ಞೆ! (ಸಿ ಕಲಿಸುವ ಅಧ್ಯಾಪಕರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.) ಆಗ ನೆರೆಯ ಕೇಂದ್ರವೂ ಕೆಲಸ ನಿಲ್ಲಿಸಿ ಮರಳುತ್ತಿತ್ತು, ಅದು ಮರಳಿದ ಸಂದೇಶ ಮತ್ತೊಂದನ್ನು ಕೆಡವುತ್ತಿತ್ತು. ಸಂದೇಶಗಳ ಹೊರೆ ತಗ್ಗಿಸಿದ ಮೇಲೆಯೇ ಈ ಸರಪಳಿ ತುಂಡಾಯಿತು.

ಒಂಟಿಯಾಗಿ ನೋಡಿದರೆ ಕೇಂದ್ರ ಸರಿಯಾಗಿಯೇ ಇತ್ತು. ನೆರೆಯವು ನಿರ್ದಿಷ್ಟ ಅಂತರದಲ್ಲಿ ಮಾತನಾಡಿದಾಗ ಮಾತ್ರ ದೋಷ ಹೊರಬರುತ್ತಿತ್ತು.

2012ರ ಅಕ್ಟೋಬರಿನಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ 13 ದೂರಸಂಪರ್ಕ ಕಂಪನಿಗಳು ಒಂದು ಪ್ರಸ್ತಾವವನ್ನು ಮುಂದಿಟ್ಟವು. ಅವುಗಳಲ್ಲಿ ಎಟಿ ಅಂಡ್ ಟಿ ಸಹ ಒಂದು. ರೂಟರ್, ಫೈರ್‌ವಾಲ್ ಮುಂತಾದ ಪ್ರತಿಯೊಂದು ಕೆಲಸಕ್ಕೂ ಬೇರೆ ಪೆಟ್ಟಿಗೆ ಕೊಳ್ಳುವ ಬದಲು, ಅವನ್ನೆಲ್ಲ ತಂತ್ರಾಂಶವಾಗಿಸಿ ಸಾಮಾನ್ಯ ಸರ್ವರ್‌ಗಳಲ್ಲಿ ನಡೆಸೋಣ ಎಂಬುದು ಅದರ ತಿರುಳು. ಇದೇ ನೆಟ್‌ವರ್ಕ್ ಫಂಕ್ಷನ್ಸ್ ವರ್ಚುವಲೈಸೇಷನ್. ಒಂದು ಗಣಕದೊಳಗೆ ಹಲವು ಗಣಕಗಳಿರುವಂತೆ ತೋರಿಸುವ ಇದರ ಮೂಲ ಉಪಾಯ ಹೊಸದಲ್ಲ. ಐಬಿಎಂನ ಕೇಂಬ್ರಿಜ್ ಕೇಂದ್ರ 1967ರಲ್ಲಿಯೇ ಸಿಪಿ-40 ವ್ಯವಸ್ಥೆಯಲ್ಲಿ ಅದನ್ನು ಸಾಧಿಸಿತ್ತು.

ಆದರೆ ಬೇರೆ ಬೇರೆ ಕಂಪನಿಗಳ ತಂತ್ರಾಂಶಗಳು ಒಟ್ಟಿಗೆ ಬಾಳಬೇಕಲ್ಲ! ಉದಾಹರಣೆಗೆ 4ಜಿ ಜಾಲದಲ್ಲಿ ಮೊಬೈಲುಗಳ ಚಲನೆಯನ್ನು ನೋಡಿಕೊಳ್ಳುವ ಘಟಕ, ಪ್ರತಿ ಚಂದಾದಾರನ ವಿವರವನ್ನು ಬೇರೊಂದು ದತ್ತಸಂಚಯದಿಂದ ಕೇಳಿ ಪಡೆಯುತ್ತದೆ. ಆ ದತ್ತಸಂಚಯ ಇನ್ನೂ ಸಿದ್ಧವಾಗಿಲ್ಲದಿದ್ದರೆ ಪರೀಕ್ಷೆ ಹೇಗೆ? ಇಲ್ಲಿ ಸರ್ವಿಸ್ ವರ್ಚುವಲೈಸೇಷನ್ ಸಾಧನಗಳು ನೆರವಾಗುತ್ತವೆ. ಅವು ನಿಜವಾದ ಸಂವಾದಗಳನ್ನು ದಾಖಲಿಸಿಕೊಂಡು, ಅಥವಾ ನಿಯಮಗಳನ್ನು ಓದಿಕೊಂಡು, ಇಲ್ಲದ ಘಟಕದ ಪರವಾಗಿ ಉತ್ತರಿಸುತ್ತವೆ. ತಡವಾಗಿ ಉತ್ತರಿಸು, ತಪ್ಪು ಉತ್ತರ ಕೊಡು, ಒಂದರ ಬೆನ್ನಿಗೇ ಇನ್ನೊಂದು ಸಂದೇಶ ಕಳಿಸು ಎಂದೂ ಅವುಗಳಿಗೆ ಹೇಳಬಹುದು. ನಿಜವಾದ ಜಾಲದಲ್ಲಿ ಇಂಥ ಪ್ರಯೋಗಕ್ಕೆ ಯಾರೂ ಕೈಹಾಕಲಾರರು.

ಆದರೂ ಬರೆದವರು ಊಹಿಸದ ವರ್ತನೆಯನ್ನು ಈ ಬದಲಿ ಘಟಕ ತೋರಿಸಲಾರದು. ಅದಕ್ಕಾಗಿಯೇ ಯುರೋಪಿನ ದೂರಸಂಪರ್ಕ ಮಾನಕ ಸಂಸ್ಥೆ ಎಟ್ಸಿ, 2017ರ ಆರಂಭದಲ್ಲಿ ಸ್ಪೇನಿನ ಲೆಗಾನೆಸ್‌ನಲ್ಲಿ ಹಲವು ಕಂಪನಿಗಳ ನಿಜವಾದ ತಂತ್ರಾಂಶಗಳನ್ನೇ ಒಂದಕ್ಕೊಂದು ಜೋಡಿಸಿ ಪರೀಕ್ಷಿಸುವ ಮೊದಲ ಕೂಟವನ್ನು ನಡೆಸಿತು.