ಲಿಪಿಸಂಖ್ಯಾನ ಮತ್ತು ಸೊನ್ನೆ: ಬಾಲಪಾಠದ ಒಂದು ಚಾರಿತ್ರಿಕ ವಿವೇಚನೆ

ಜಿನಸೇನಾಚಾರ್ಯರ ಆದಿಪುರಾಣದ ೩೮ನೆಯ ಪರ್ವದಲ್ಲಿ ಗರ್ಭಾನ್ವಯದ ೫೩ ಕ್ರಿಯೆಗಳು ನಿರೂಪಿತವಾಗಿವೆ. ಅವುಗಳಲ್ಲಿ ಹದಿಮೂರನೆಯದು ಲಿಪಿಸಂಖ್ಯಾನಸಂಗ್ರಹ. ಮಗುವಿಗೆ ಐದನೆಯ ವರ್ಷದಲ್ಲಿ ಮೊದಲ ಸಲ ಅಕ್ಷರದರ್ಶನವನ್ನು ಮಾಡಿಸುವ ಈ ಕ್ರಿಯೆಗೆ ಉಪಾಧ್ಯಾಯನಾಗಿ ಇರತಕ್ಕವನು ಅಧ್ಯಯನ ಮಾಡಿದ, ವ್ರತಧಾರಿಯಾದ ಗೃಹಸ್ಥನೆಂದು ಆಚಾರ್ಯರು ವಿಧಿಸಿದ್ದಾರೆ. ಅಕ್ಷರಾಭ್ಯಾಸವೆಂದು ಈಗ ರೂಢಿಯಲ್ಲಿರುವ ಸಂಸ್ಕಾರದ ಹೆಸರಿನಲ್ಲಿ ಅಕ್ಷರವೊಂದೇ ಉಳಿದಿದೆ. ಪುರಾಣದ ಹೆಸರಿನಲ್ಲಿಯಾದರೋ ಲಿಪಿಯ ಜೊತೆಯಲ್ಲಿಯೇ ಸಂಖ್ಯಾನವೂ ಇದೆ. ಎರಡೂ ಒಂದೇ ದಿನದ, ಒಂದೇ ಹಲಗೆಯ ಪಾಠಗಳು ಎಂಬುದು ಇದರ ತಾತ್ಪರ್ಯ.

ಈ ತಾತ್ಪರ್ಯಕ್ಕೆ ಅದೇ ಪುರಾಣದ ೧೬ನೆಯ ಪರ್ವದ ಪ್ರಸಂಗವು ಪುಷ್ಟಿ ನೀಡುತ್ತದೆ. ಆದಿದೇವನು ತನ್ನ ಪುತ್ರಿಯರಾದ ಬ್ರಾಹ್ಮಿ ಮತ್ತು ಸುಂದರಿಯರನ್ನು ಹತ್ತಿರ ಕೂರಿಸಿಕೊಂಡು, ವಿಸ್ತಾರವಾದ ಹೇಮಪಟ್ಟಕದಲ್ಲಿ ಶ್ರುತದೇವಿಯನ್ನು ನೆಲೆಗೊಳಿಸಿ ಪೂಜಿಸಿ, ಎರಡೂ ಕೈಗಳಿಂದ ಬರೆಯುತ್ತ ಲಿಪಿಯನ್ನೂ ಅಂಕಗಳ ಮೂಲಕ ಸಂಖ್ಯಾಸ್ಥಾನವನ್ನೂ ಅನುಕ್ರಮವಾಗಿ ಉಪದೇಶಿಸಿದನು. ಶ್ವೇತಾಂಬರ ಪರಂಪರೆಯ ಆವಶ್ಯಕನಿರ್ಯುಕ್ತಿಯು ಬಲಗೈಯಿಂದ ಬ್ರಾಹ್ಮಿಗೆ ಲಿಪಿಯನ್ನು, ಎಡಗೈಯಿಂದ ಸುಂದರಿಗೆ ಗಣಿತವನ್ನು ಕಲಿಸಿದನೆಂದು ವಿಭಾಗಿಸಿ ಹೇಳುತ್ತದೆ. ಕಥೆಯ ವಿಷಯದಲ್ಲಿ ಪರಂಪರೆಗಳ ಭೇದವು ಏನೇ ಇರಲಿ, ಜಿನಸೇನರು ಬಳಸಿದ ಶಬ್ದವು ಇಲ್ಲಿ ಗಮನಾರ್ಹವಾದುದು. ಮಕ್ಕಳಿಗೆ ಕಲಿಸಿದ್ದು ಬರಿಯ ಸಂಖ್ಯೆಯನ್ನಲ್ಲ, ಸಂಖ್ಯಾಸ್ಥಾನವನ್ನು. ಎಣಿಕೆ ಬೇರೆ, ಎಣಿಸಿದ್ದನ್ನು ಸ್ಥಾನವರಿತು ಬರೆಯುವುದು ಬೇರೆ. ಸೊನ್ನೆಯ ಪ್ರವೇಶವಾಗುವುದು ಎರಡನೆಯದರಲ್ಲಿ.

ಎಣಿಕೆಯಲ್ಲಿ ಸೊನ್ನೆಗೆ ಎಡೆಯಿಲ್ಲ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ತ್ರಿಲೋಕಸಾರದಲ್ಲಿ ಗಣನೆಯು ಒಂದರಿಂದಲೂ, ಸಂಖ್ಯಾತವು ಎರಡರಿಂದಲೂ, ಕೃತಿಯೆಂಬ ಸಂಜ್ಞೆಯು ಮೂರರಿಂದಲೂ ಮೊದಲಾಗುತ್ತದೆಂದು ವಿಂಗಡಿಸಿದ್ದಾರೆ. ಅನುಯೋಗದ್ವಾರಸೂತ್ರವಂತೂ ಒಂದನ್ನು ಗಣನೆಗೇ ಸೇರಿಸುವುದಿಲ್ಲ. ಒಂದರ ಸ್ಥಿತಿಯೇ ಹೀಗಿರುವಲ್ಲಿ ಅದರ ಹಿಂದಿನದನ್ನು ಕೇಳುವ ಸಂದರ್ಭವೇ ಒದಗದು. ಹುಣಸೆಬೀಜಗಳನ್ನು ಮುಂದಿಟ್ಟುಕೊಂಡು ಎಣಿಸುವ ಮಗುವೂ ಹೀಗೆಯೇ ನಡೆದುಕೊಳ್ಳುತ್ತದೆ. ಬೀಜವಿದ್ದರೆ ಒಂದು ಎನ್ನುತ್ತದೆ. ಇಲ್ಲದಿದ್ದರೆ ಇಲ್ಲ ಎನ್ನುತ್ತದೆಯೇ ಹೊರತು ಸೊನ್ನೆ ಎನ್ನುವುದಿಲ್ಲ.

ಆದರೆ ಎಣಿಕೆಯು ದೊಡ್ಡದಾದಾಗ ಅದನ್ನು ಕ್ರಮಪಡಿಸುವ ಉಪಾಯವು ಬೇಕಾಗುತ್ತದೆ. ಉತ್ಕೃಷ್ಟ ಸಂಖ್ಯಾತದ ಪ್ರಮಾಣವನ್ನು ತಿಳಿಸಲು ಆಗಮಿಕರು ಕಲ್ಪಿಸಿದ ನಾಲ್ಕು ಕುಂಡಗಳ ದೃಷ್ಟಾಂತವು ಇಂತಹ ಉಪಾಯವೇ ಆಗಿದೆ. ಸಾಸಿವೆಯನ್ನು ತುಂಬುವ ಅನವಸ್ಥಾಕುಂಡದ ಒಂದೊಂದು ಸರದಿಗೂ ಶಲಾಕಾಕುಂಡದಲ್ಲಿ ಒಂದೊಂದು ಸಾಸಿವೆ. ಅದು ತುಂಬಿದಾಗ ಪ್ರತಿಶಲಾಕಾಕುಂಡದಲ್ಲಿ ಒಂದು. ಅದೂ ತುಂಬಿದಾಗ ಮಹಾಶಲಾಕಾಕುಂಡದಲ್ಲಿ ಒಂದು. ಶಲಾಕೆಯೆಂದರೆ ಎಣಿಕೆಯ ಕಡ್ಡಿ. ಒಂದು ಎಡೆಯಲ್ಲಿ ತುಂಬಿದುದು ಮುಂದಿನ ಎಡೆಯಲ್ಲಿ ಒಂದಾಗುತ್ತದೆ, ಹಿಂದಿನ ಎಡೆಯು ಬರಿದಾಗುತ್ತದೆ. ಒಂಬತ್ತರ ಮೇಲೆ ಒಂದನ್ನು ಕೂಡಿಸಿ ಹತ್ತನ್ನು ಬರೆಯುವ ಬಾಲಕನು ಮಾಡುವುದೂ ಇದನ್ನೇ. ಕುಂಡಗಳ ಪ್ರಮಾಣವು ಹತ್ತರದಲ್ಲವಾದ್ದರಿಂದ ಇದನ್ನು ದಶಮಾನಪದ್ಧತಿಯೆಂದು ಹೇಳಲಾಗದು. ಆದರೂ ಬರಿದಾದ ಎಡೆಯು ಎಡೆಯಾಗಿಯೇ ಉಳಿಯುತ್ತದೆ ಎಂಬ ತಿಳಿವಳಿಕೆಯು ಈ ದೃಷ್ಟಾಂತದಲ್ಲಿ ಸ್ಪಷ್ಟವಾಗಿದೆ.

ಜಿನಸೇನರ ಶಿಷ್ಯನೆಂದು ಪ್ರಸಿದ್ಧನಾದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿಯೇ (೮೧೪–೮೭೮) ಮಹಾವೀರಾಚಾರ್ಯರ ಗಣಿತಸಾರಸಂಗ್ರಹವು ರಚಿತವಾಯಿತು. ಮದರಾಸಿನಲ್ಲಿ ೧೯೧೨ರಲ್ಲಿ ಎಂ. ರಂಗಾಚಾರ್ಯರು ಅದನ್ನು ಸಂಪಾದಿಸಿ ಆಂಗ್ಲಾನುವಾದದೊಡನೆ ಪ್ರಕಟಿಸಿದ ಮೇಲೆ ವಿದ್ವಲ್ಲೋಕದ ಗಮನವು ಅದರ ಕಡೆಗೆ ಹರಿಯಿತು. ಇದು ಬಾಲಬೋಧೆಯ ಗ್ರಂಥವಲ್ಲ. ಇದರ ಎಂಟು ಪರಿಕರ್ಮಗಳು ಪ್ರತ್ಯುತ್ಪನ್ನದಿಂದ, ಅಂದರೆ ಗುಣಾಕಾರದಿಂದ ಮೊದಲಾಗುತ್ತವೆ. ಸಂಕಲಿತವೆಂದು ಇಲ್ಲಿ ಹೇಳಿರುವುದು ಶ್ರೇಢಿಯ ಸಂಕಲನವನ್ನು. ಸಾಮಾನ್ಯವಾದ ಕೂಡುವ ಕಳೆಯುವ ಲೆಕ್ಕಗಳಿಗೆ ಪ್ರತ್ಯೇಕ ಸ್ಥಾನವಿಲ್ಲ. ಅವನ್ನು ವಿದ್ಯಾರ್ಥಿಯು ಬಾಲ್ಯದಲ್ಲಿಯೇ ಕಲಿತು ಬಂದಿರುವನೆಂದು ಆಚಾರ್ಯರು ಭಾವಿಸಿರಬೇಕು. ಹಾಗಿದ್ದರೂ ಸಂಜ್ಞಾಧಿಕಾರದಲ್ಲಿ ಅವರು ಶೂನ್ಯದ ನಿಯಮಗಳನ್ನೂ, ಅಂಕಗಳಿಗೆ ಸಲ್ಲುವ ಹೆಸರುಗಳನ್ನೂ, ಏಕದಿಂದ ಮಹಾಕ್ಷೋಭದವರೆಗಿನ ೨೪ ಸ್ಥಾನಗಳನ್ನೂ ಬಿಡದೆ ಹೇಳಿದ್ದಾರೆ. ಗಣಕನಿಗೆ ಇರಬೇಕಾದ ಎಂಟು ಗುಣಗಳಲ್ಲಿ ಲಘುಕರಣ, ಊಹ, ಅನಾಲಸ್ಯ, ಗ್ರಹಣ, ಧಾರಣ ಮೊದಲಾದವುಗಳೊಡನೆ ಅಂಕಗಳನ್ನು ವ್ಯಕ್ತಗೊಳಿಸುವ ಸಾಮರ್ಥ್ಯವನ್ನೂ ಸೇರಿಸಿದ್ದಾರೆ.

ಸ್ಥಾನದ ಮಹತ್ತ್ವವನ್ನು ಕಣ್ಣಿಗೆ ಕಾಣುವಂತೆ ಮಾಡಲು ಮಹಾವೀರರು ಆಯ್ದುಕೊಂಡ ಗುಣಾಕಾರದ ಲೆಕ್ಕಗಳು ಮನೋಹರವಾಗಿವೆ. ೧೪,೨೮,೫೭,೧೪೩ನ್ನು ೭ರಿಂದ ಗುಣಿಸಿದರೆ ೧,೦೦,೦೦,೦೦,೦೦೧ ಬರುತ್ತದೆ. ಎರಡು ತುದಿಗಳಲ್ಲಿ ಒಂದೊಂದು, ನಡುವೆ ಎಂಟು ಸೊನ್ನೆಗಳು. ಇಂತಹ ಫಲಗಳನ್ನು ಅವರು ಕಂಠಾಭರಣವೆಂದು ಕರೆದಿದ್ದಾರೆ. ಸೊನ್ನೆಗಳನ್ನು ಬರಿದೆಂದು ತೆಗೆದುಬಿಟ್ಟರೆ ಉಳಿಯುವುದು ೧೧ ಮಾತ್ರ, ಹಾರವು ಹರಿದುಹೋಗುತ್ತದೆ. ಇದಕ್ಕೆ ಸಮೀಪಕಾಲದ ಗ್ವಾಲಿಯರಿನ ಚತುರ್ಭುಜ ದೇವಾಲಯದ ೮೭೬ರ ಶಾಸನದಲ್ಲಿ ೨೭೦ ಹಸ್ತದ ಹೂದೋಟ, ಪ್ರತಿದಿನದ ೫೦ ಹೂಮಾಲೆಗಳೆಂಬ ಲೆಕ್ಕದಲ್ಲಿ ಸೊನ್ನೆಯು ಸಣ್ಣ ವೃತ್ತವಾಗಿ ಕಾಣಿಸಿಕೊಂಡಿರುವುದನ್ನು ಇಲ್ಲಿ ಸ್ಮರಿಸಬಹುದು.

ಶೂನ್ಯದ ಪ್ರಾಚೀನತೆಗೆ ಲೋಕವಿಭಾಗವನ್ನು ಪ್ರಮಾಣವಾಗಿ ಉದಾಹರಿಸುವ ವಾಡಿಕೆಯಿದೆ. ಸರ್ವನಂದಿಗಳ ಆ ಕೃತಿಯು ಶಕ ೩೮೦ರಲ್ಲಿ, ಅಂದರೆ ಕ್ರಿ.ಶ. ೪೫೮ರಲ್ಲಿ ರಚಿತವಾಯಿತೆಂಬುದು ನಿಜವೇ. ಆದರೆ ಈಗ ದೊರೆಯುವುದು ಅದನ್ನಾಧರಿಸಿ ಸಿಂಹಸೂರಿಗಳು ಸಂಸ್ಕೃತದಲ್ಲಿ ರಚಿಸಿದ ಗ್ರಂಥ. ಅದರಲ್ಲಿನ ಪ್ರತಿಯೊಂದು ಸಂಖ್ಯಾಶಬ್ದವನ್ನೂ ೪೫೮ಕ್ಕೆ ಒಯ್ಯುವ ಮೊದಲು ಈ ಭೇದವನ್ನು ನೆನೆಯಬೇಕು. ಮೊದಲು ಕಂಡವರು ಯಾರೆಂಬ ಸ್ಪರ್ಧೆಗಿಂತ, ಕಂಡುದನ್ನು ಮಗುವಿನ ಬೆರಳಿಗೆ ಹೇಗೆ ಇಳಿಸಿದರೆಂಬ ವಿಚಾರವು ಹಸ್ತಪ್ರತಿಗಳ ಅಭ್ಯಾಸಿಗೆ ಹೆಚ್ಚು ಪ್ರಯೋಜನಕಾರಿಯಾದುದು.

ಶೂನ್ಯಕ್ಕೆ ಮಹಾವೀರರು ಕೊಡುವ ಹೆಸರುಗಳೆಲ್ಲ ಬಹುಮಟ್ಟಿಗೆ ಆಕಾಶದ ಹೆಸರುಗಳು: ಗಗನ, ಅಂಬರ, ಖ, ನಭ, ವಿಯತ್, ಅಂತರಿಕ್ಷ ಇತ್ಯಾದಿ. ಇತರ ಅಂಕಗಳಿಗೆ ಲೋಕದಲ್ಲಿ ರೂಢವಾದ ಶಬ್ದಗಳ ಜೊತೆಗೆ ರತ್ನವು ಮೂರಕ್ಕೆ, ಗತಿಯು ನಾಲ್ಕಕ್ಕೆ, ದ್ರವ್ಯವು ಆರಕ್ಕೆ, ತತ್ತ್ವವು ಏಳಕ್ಕೆ, ಕರ್ಮವು ಎಂಟಕ್ಕೆ, ಪದಾರ್ಥವು ಒಂಬತ್ತಕ್ಕೆ ಸಂಕೇತವಾಗಿ ಬಂದು, ಅಂಕಪಾಠದಲ್ಲಿಯೇ ಧರ್ಮದ ಪಾಠವೂ ಅಡಗಿದೆ. ಈ ಪದ್ಧತಿಯ ಪ್ರಯೋಜನವು ಲಿಪಿಕಾರನ ಕೈಬರಹವನ್ನು ನೋಡಿದವರಿಗೆ ತಿಳಿಯುತ್ತದೆ. ೧೦೫ ಎಂಬಲ್ಲಿ ಹುಳು ತಿಂದು ನಡುವಿನ ವೃತ್ತವು ಹೋದರೆ ೧೫ ಉಳಿಯುತ್ತದೆ, ತಪ್ಪು ತೋರುವುದಿಲ್ಲ. ಅದನ್ನೇ ಪದ್ಯದಲ್ಲಿ ಇಷು-ವ್ಯೋಮ-ಇಂದು ಎಂದು ಅಳವಡಿಸಿದ್ದರೆ ವ್ಯೋಮವು ಲೋಪವಾದೊಡನೆ ಛಂದಸ್ಸು ಕುಂಟುತ್ತದೆ. ಇರುವ ಅಂಕವನ್ನು ಯಾರಾದರೂ ಕಾಪಾಡಿಯಾರು. ಇಲ್ಲವೆಂಬುದನ್ನು ಸೂಚಿಸುವ ಅಂಕಕ್ಕೆ ಕಾವಲು ಬೇಕಾಯಿತು.

ಕನ್ನಡದ ಬಾಲಕನಿಗೆ ಈ ಅಂಕವು ಸೊನ್ನೆಯೆಂಬ ಹೆಸರಿನಲ್ಲಿ ಪರಿಚಯವಾಯಿತು. ಸಂಸ್ಕೃತದ ಶೂನ್ಯ, ಪ್ರಾಕೃತದ ಸುಣ್ಣ, ಕನ್ನಡದ ಸೊನ್ನೆ ಎಂಬ ಕ್ರಮವು ಸ್ಪಷ್ಟವಾಗಿಯೇ ಇದೆ. ವಿಶೇಷವೆಂದರೆ ವ್ಯಾಕರಣದಲ್ಲಿ ಬಿಂದು ಅಥವಾ ಅನುಸ್ವಾರವೆನಿಸಿಕೊಂಡುದಕ್ಕೂ ಕನ್ನಡದಲ್ಲಿ ಸೊನ್ನೆಯೆಂದೇ ಹೆಸರು. ಎರಡರ ಆಕಾರವೂ ವೃತ್ತವೇ. ಮರಳಿನ ಮೇಲೆ ಬೆರಳಿನಿಂದ ತಿದ್ದುವ ಮಗುವು ಅಕ್ಷರದ ಮುಂದೆ ಸೊನ್ನೆಯನ್ನಿಟ್ಟಾಗ ಆ ಅಕ್ಷರದ ನಾದವು ಬದಲಾಗುತ್ತದೆ; ಅಂಕದ ಮುಂದೆ ಇಟ್ಟಾಗ ಅದರ ಬೆಲೆಯು ಹತ್ತುಮಡಿಯಾಗುತ್ತದೆ. ಎರಡು ಕಡೆಯೂ ಸೊನ್ನೆಯು ಒಂಟಿಯಾಗಿ ನಿಂತು ಕಾರ್ಯ ಮಾಡುವುದಿಲ್ಲ, ನೆರೆಯದರೊಡನೆ ಕೂಡಿಯೇ ಮಾಡುತ್ತದೆ. ಕನ್ನಡ ಲಿಪಿಯಲ್ಲಿರುವ ಪ್ರಾಕೃತ ಪ್ರತಿಗಳಲ್ಲಿ ಮುಂದಿನ ವ್ಯಂಜನದ ದ್ವಿತ್ವವನ್ನು ಸೂಚಿಸಲೂ ಸೊನ್ನೆಯನ್ನು ಬಳಸುವುದುಂಟು. ಆದುದರಿಂದ ಒಂದೇ ಓಲೆಯಲ್ಲಿ ಈ ವೃತ್ತವು ಅಂಕವೋ, ಅನುಸ್ವಾರವೋ, ದ್ವಿತ್ವಚಿಹ್ನೆಯೋ ಎಂಬುದನ್ನು ಸಂಪಾದಕನು ಸಂದರ್ಭದಿಂದಲೇ ನಿರ್ಣಯಿಸಬೇಕಾಗುತ್ತದೆ.

ಈಗ ವಿವಾದಾಸ್ಪದವಾದ ವಿಷಯಕ್ಕೆ ಬರಬಹುದು. ಯಾವ ರಾಶಿಯನ್ನಾದರೂ ಶೂನ್ಯದಿಂದ ಗುಣಿಸಿದರೆ ಶೂನ್ಯವಾಗುತ್ತದೆ. ಶೂನ್ಯವನ್ನು ಕೂಡಿಸಿದರೂ ಕಳೆದರೂ ಶೂನ್ಯದಿಂದ ಭಾಗಿಸಿದರೂ ಅವಿಕಾರಿಯಾಗಿ ಉಳಿಯುತ್ತದೆ ಎಂಬುದು ಮಹಾವೀರರ ಮತ. ಕೊನೆಯ ಮಾತು ಗಣಿತದ ದೃಷ್ಟಿಯಿಂದ ನಿಲ್ಲುವುದಿಲ್ಲ. ಹನ್ನೆರಡನ್ನು ಶೂನ್ಯದಿಂದ ಭಾಗಿಸಿ ಹನ್ನೆರಡೇ ಬಂದರೆ, ಆ ಫಲವನ್ನು ಮರಳಿ ಶೂನ್ಯದಿಂದ ಗುಣಿಸಿದಾಗ ಹನ್ನೆರಡು ಬರಬೇಕು. ಆದರೆ ಆಚಾರ್ಯರ ನಿಯಮದಂತೆಯೇ ಬರುವುದು ಶೂನ್ಯ. ೬೨೮ರಲ್ಲಿ ಬ್ರಹ್ಮಗುಪ್ತನು ಶೂನ್ಯವನ್ನು ಶೂನ್ಯದಿಂದ ಭಾಗಿಸಿದರೆ ಶೂನ್ಯವೆಂದನು. ೧೧೫೦ರಲ್ಲಿ ಭಾಸ್ಕರಾಚಾರ್ಯನು ಶೂನ್ಯಚ್ಛೇದವುಳ್ಳ ರಾಶಿಯನ್ನು ಖಹರವೆಂದು ಕರೆದು ಅನಂತದೊಡನೆ ಹೋಲಿಸಿದನು. ಇಂದಿನ ಗಣಿತವು ಶೂನ್ಯದಿಂದ ಭಾಗಿಸುವ ಕ್ರಿಯೆಗೆ ಅರ್ಥವನ್ನೇ ಒಪ್ಪುವುದಿಲ್ಲ. ಸ್ವಪಕ್ಷದ ಆಚಾರ್ಯರೆಂಬ ಗೌರವದಿಂದ ಈ ದೋಷವನ್ನು ಮರೆಮಾಡುವುದು ಶ್ರುತಭಕ್ತಿಯಾಗಲಾರದು.

ಆದರೆ ದೋಷದ ಮೂಲವನ್ನು ಅರಿಯುವುದು ದೋಷವನ್ನು ಮುಚ್ಚುವುದಲ್ಲ. ಭಾಗಹಾರವನ್ನು ಬಾಲಕನು ಕಲಿಯುವುದು ಹಂಚಿಕೆಯ ಮೂಲಕ. ಹನ್ನೆರಡು ಹಣ್ಣುಗಳನ್ನು ನಾಲ್ವರಿಗೆ ಹಂಚಿದರೆ ತಲೆಗೆ ಮೂರು. ಪಡೆಯುವವರು ಒಬ್ಬರೂ ಇಲ್ಲದಿದ್ದರೆ ಹಂಚಿಕೆಯು ನಡೆಯಲೇ ಇಲ್ಲ, ಹಣ್ಣುಗಳು ಬುಟ್ಟಿಯಲ್ಲಿಯೇ ಉಳಿದವು. ಅವಿಕಾರಿಯೆಂಬ ಶಬ್ದವು ಈ ಬುಟ್ಟಿಯನ್ನು ನೋಡಿ ಹೇಳಿದಂತಿದೆ. ಉಳಿದುದೆಷ್ಟು ಎಂಬ ಪ್ರಶ್ನೆಗೆ ಅದು ಉತ್ತರ. ತಲೆಗೆಷ್ಟು ಎಂಬ ಪ್ರಶ್ನೆಗೆ ಅಲ್ಲ. ಪ್ರೌಢವಾದ ಸೂತ್ರದ ಹಿಂದೆ ಬಾಲಪಾಠದ ಅನುಭವವು ಉಳಿದುಕೊಂಡಿದೆಯೆಂದು ಊಹಿಸಲು ಇಲ್ಲಿ ಅವಕಾಶವಿದೆ. ಇದು ಊಹೆಯೇ ಹೊರತು ಸಿದ್ಧಾಂತವಲ್ಲ.

ಶೂನ್ಯಾಂಕವನ್ನು ಶೂನ್ಯವಾದದೊಡನೆ ಬೆರೆಸುವ ಭ್ರಾಂತಿಯೂ ಆಗಾಗ ಕಂಡುಬರುತ್ತದೆ. ಜೈನಾಚಾರ್ಯರು ಶೂನ್ಯವಾದವನ್ನು ಖಂಡಿಸಿದವರು. ಹಾಗಿದ್ದೂ ಶೂನ್ಯಾಂಕವನ್ನು ನಿಸ್ಸಂಕೋಚವಾಗಿ ಬಳಸಿದವರು. ಇದರಲ್ಲಿ ವಿರೋಧವಿಲ್ಲ. ಸಮಂತಭದ್ರರು ಆಪ್ತಮೀಮಾಂಸೆಯಲ್ಲಿ ಅಭಾವವನ್ನು ನಾಲ್ಕು ಬಗೆಯಾಗಿ ಅಂಗೀಕರಿಸಿದ್ದಾರೆ. ಭಾವವನ್ನೇ ಒಪ್ಪಿ ಅಭಾವವನ್ನು ಅಲ್ಲಗಳೆಯುವ ಏಕಾಂತವನ್ನು ನಿರಾಕರಿಸಿದ್ದಾರೆ. ೧೦೫ರಲ್ಲಿ ಹತ್ತರ ಸ್ಥಾನದಲ್ಲಿ ನಾಸ್ತಿ, ನೂರರ ಮತ್ತು ಒಂದರ ಸ್ಥಾನಗಳಲ್ಲಿ ಅಸ್ತಿ. ಆ ನಾಸ್ತಿಯು ಕ್ಷೇತ್ರದ ಅಪೇಕ್ಷೆಯಿಂದ ಹೇಳಿದುದು, ಸರ್ವಥಾ ನಾಸ್ತಿಯಲ್ಲ. ಗಣಿತಸಾರಸಂಗ್ರಹವು ಹೀಗೆ ವಿವರಿಸಿದೆಯೆಂದಲ್ಲ. ಪಾಠಶಾಲೆಯ ಮಕ್ಕಳಿಗೆ ಸ್ಯಾದ್ವಾದವನ್ನು ತಿಳಿಸಬಯಸುವ ಪಂಡಿತರಿಗೆ ಇದಕ್ಕಿಂತ ಸುಲಭವಾದ ದೃಷ್ಟಾಂತವು ಸಿಕ್ಕುವುದು ಕಷ್ಟವೆಂದಷ್ಟೇ ಅಭಿಪ್ರಾಯ.

ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವನ್ನು ರಚಿಸಿ ಗಣಿತಶಾಸ್ತ್ರವನ್ನು ಕನ್ನಡಕ್ಕೆ ತಂದನು. ಆದರೆ ಮಠದಲ್ಲಿ ಮಕ್ಕಳು ದಿನದಿನವೂ ಏನು ಮಾಡುತ್ತಿದ್ದರೆಂಬುದಕ್ಕೆ ಗ್ರಂಥಗಳಿಗಿಂತ ಬೇರೆಯಾದ ಸಾಕ್ಷ್ಯವನ್ನು ಅರಸಬೇಕಾಗುತ್ತದೆ. ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ ೧೮೨೩ರ ಆಗಸ್ಟ್ ತಿಂಗಳಲ್ಲಿ ಬರೆದ ವರದಿಯು ಅಂತಹ ಒಂದು ಸಾಕ್ಷ್ಯ. ಧರಂಪಾಲರು ೧೯೮೩ರಲ್ಲಿ ಪ್ರಕಟಿಸಿದ ದಾಖಲೆಗಳಲ್ಲಿ ಅದೂ ಸೇರಿದೆ. ಆಗ ಆ ಜಿಲ್ಲೆಯಲ್ಲಿ ೫೩೩ ಶಾಲೆಗಳು, ೬,೬೪೧ ವಿದ್ಯಾರ್ಥಿಗಳು. ಮರಳಿನಲ್ಲಿ ಬೆರಳಿನಿಂದ ಬರೆದು ಅಕ್ಷರ ಕಲಿಯುವುದನ್ನೂ, ಮುಂದಿನ ತರಗತಿಯವರು ಹಿಂದಿನವರಿಗೆ ಪಾಠ ಹೇಳುವುದನ್ನೂ ವರ್ಣಿಸಿದ ಮೇಲೆ ಕ್ಯಾಂಬೆಲ್ ಒಂದು ಪದ್ಧತಿಯನ್ನು ಹೇಳುತ್ತಾನೆ. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದ ಬಾಲಕನ ಅಂಗೈಯಲ್ಲಿ ಗೌರವಸೂಚಕವಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನ ಅಂಗೈಯಲ್ಲಿ ಒಂದು ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆಯ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಒಬ್ಬೊಬ್ಬರಿಗೂ ಒಂದೊಂದು ಹೆಚ್ಚು.

ಏಟಿನ ಪದ್ಧತಿಯನ್ನು ಇಂದು ಯಾರೂ ಮೆಚ್ಚಲಾರರು, ಮೆಚ್ಚಬೇಕಾಗಿಯೂ ಇಲ್ಲ. ಆದರೆ ಆ ಅಂಗೈಯ ಸೊನ್ನೆಯಲ್ಲಿ ಒಂದು ಗಣಿತವಿದೆ. ಒಂದು ಕಡೆ ಮನ್ನಣೆ, ಇನ್ನೊಂದು ಕಡೆ ಒಂದು, ಎರಡು, ಮೂರೆಂದು ಬೆಳೆಯುವ ದಂಡನೆ. ನಡುವೆ ಎರಡೂ ಅಲ್ಲದ ಒಂದು ಸ್ಥಾನ. ಧನ ಮತ್ತು ಋಣಗಳ ನಡುವೆ ಶಾಸ್ತ್ರಕಾರರು ಶೂನ್ಯವನ್ನಿಟ್ಟದ್ದು ಇಲ್ಲಿಯೇ. ಆ ಬಾಲಕನು ಸೂತ್ರವನ್ನು ಓದಿರಲಿಲ್ಲ. ಸೊನ್ನೆಯು ಬರಿಯ ಇಲ್ಲವೆಂಬುದಲ್ಲ, ಒಂದು ನೆಲೆಯೆಂಬುದನ್ನು ತನ್ನ ಅಂಗೈಯಲ್ಲಿ ಕಂಡಿದ್ದನು. ಸುಂದರಿಗೆ ಹೇಮಪಟ್ಟಕದಲ್ಲಿ ಉಪದೇಶಿಸಿದ ಸಂಖ್ಯಾಸ್ಥಾನವೂ ಈ ಅಂಗೈಯ ಬರಹವೂ ಒಂದೇ ಪಾಠದ ಎರಡು ತುದಿಗಳು.

ಈ ಎರಡು ತುದಿಗಳ ನಡುವಣ ಸಾವಿರ ವರ್ಷಗಳ ಬಾಲಪಾಠವು ಬಹುಪಾಲು ಮರಳಿನಲ್ಲಿ ಬರೆದು ಅಳಿಸಿಹೋದುದು. ಓಲೆಯಲ್ಲಿಯೂ ಕಡತದಲ್ಲಿಯೂ ಉಳಿದಿರಬಹುದಾದುದು ಮಗ್ಗಿ, ಕಾಲು ಅರೆ ಮುಕ್ಕಾಲಿನ ಕೋಷ್ಟಕ, ಸ್ಥಾನಗಳ ಪಟ್ಟಿ, ಬಿಡಿ ಲೆಕ್ಕಗಳು. ಆಗಮ ಪುರಾಣಗಳ ಕಟ್ಟುಗಳ ನಡುವೆ ಇಂತಹ ಬಿಡಿ ಓಲೆಗಳು ಉಪೇಕ್ಷೆಗೆ ಈಡಾಗುವುದು ಸಹಜ. ಸೂಚೀಕರ್ತರು ಅವನ್ನು ಅಪೂರ್ಣ ಲೆಕ್ಕವೆಂದು ಒಂದೇ ಮಾತಿನಲ್ಲಿ ಮುಗಿಸದೆ, ಅಂಕಗಳ ಆಕಾರವನ್ನೂ, ಸೊನ್ನೆಯನ್ನು ಬರೆದ ಮತ್ತು ಬಿಟ್ಟ ಎಡೆಗಳನ್ನೂ ಗುರುತಿಸಿಟ್ಟರೆ ಲಿಪಿಸಂಖ್ಯಾನದ ಚರಿತ್ರೆಗೆ ಆಧಾರವು ಒದಗುತ್ತದೆ. ಅಂಕವನ್ನು ವ್ಯಕ್ತಗೊಳಿಸುವುದು ಗಣಕನ ಗುಣವೆಂದು ಮಹಾವೀರಾಚಾರ್ಯರು ಹೇಳಿದುದು ಹಸ್ತಪ್ರತಿಯನ್ನು ಓದುವವನಿಗೂ ಸಲ್ಲುತ್ತದೆ.