ಹಳೆಯ ಲಘು ವಿಮಾನದ ದುರಸ್ತಿ

ಹಲವು ದಶಕಗಳ ಹಿಂದೆ ತಯಾರಾದ ಒಂದೇ ಎಂಜಿನ್ನಿನ ಸಣ್ಣ ವಿಮಾನವನ್ನು ಮತ್ತೆ ಹಾರಾಟಕ್ಕೆ ಸಜ್ಜುಗೊಳಿಸುವಾಗ ಹಣವು ಮೊದಲು ಒಡಲು, ರೆಕ್ಕೆ, ನಿಯಂತ್ರಣ ತಂತಿ, ಇಂಧನ ಕೊಳವೆ ಮತ್ತು ಎಂಜಿನ್ನುಗಳಿಗೆ ಸಲ್ಲಬೇಕು. ಬಣ್ಣ, ಆಸನ, ಹೊಸ ರೇಡಿಯೊಗಳ ಸರದಿ ಅನಂತರದ್ದು. ಇಂತಹ ಸಣ್ಣ ವಿಮಾನಗಳಿಗೆ ಕರ್ನಾಟಕದ ಉತ್ತಮ ನಿದರ್ಶನವೆಂದರೆ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯಲ್ಲಿ ರೂಪುಗೊಂಡು 1958ರ ಸೆಪ್ಟೆಂಬರ್‌ನಲ್ಲಿ ಮೊದಲು ಹಾರಿದ, ಮುಂದೆ ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ತರಬೇತಿಗೆ ಬಳಕೆಯಾದ ‘ಪುಷ್ಪಕ’. ಇದು 90 ಅಶ್ವಶಕ್ತಿಯ ಎಂಜಿನ್ನಿನ, ಬಟ್ಟೆಯ ಹೊದಿಕೆಯುಳ್ಳ, ಇಬ್ಬರು ಕೂರುವ ವಿಮಾನ.

ಇಂತಹ ವಿಮಾನದ ಹೊದಿಕೆ ಬಿಸಿಲಿಗೆ ಬಲ ಕಳೆದುಕೊಳ್ಳುತ್ತದೆ. ತಂತ್ರಜ್ಞರು ಸಣ್ಣ ಮೊನೆಯ ಸಾಧನವನ್ನು ಬಟ್ಟೆಗೆ ಒತ್ತಿ ಅದು ಎಷ್ಟು ಭಾರ ತಾಳುತ್ತದೆಂದು ನೋಡುತ್ತಾರೆ. ಹೊಸ ಬಟ್ಟೆಗೆ ವಿಧಿಸಿದ ಕನಿಷ್ಠ ಬಲದ ಶೇ. 70ಕ್ಕಿಂತ ಕೆಳಗಿಳಿದ ಹೊದಿಕೆಯನ್ನು ಬದಲಿಸಲೇಬೇಕು. ಬಟ್ಟೆ ಬಿಚ್ಚಿದಾಗಲೇ ಉಕ್ಕಿನ ಕೊಳವೆಗಳ ತುಕ್ಕು, ಮರದ ತೊಲೆಯಿದ್ದರೆ ಅದರ ಬಿರುಕು ಮತ್ತು ಕೊಳೆತ ಕಣ್ಣಿಗೆ ಬೀಳುವುದರಿಂದ ವೆಚ್ಚವು ಸಾಮಾನ್ಯವಾಗಿ ಆರಂಭದ ಅಂದಾಜನ್ನು ಮೀರುತ್ತದೆ. ಇದಕ್ಕೆಂದು ಮೊದಲೇ ಹಣ ಮೀಸಲಿಡದವರು ಕೆಲಸವನ್ನು ನಡುವೆಯೇ ನಿಲ್ಲಿಸಬೇಕಾಗುತ್ತದೆ.

ವಿಮಾನ ನಿಲ್ಲುವ ಜಾಗವೂ ಮುಖ್ಯ. ಕೊಪ್ಪಳದ ಸಮೀಪದ ಗಿಣಿಗೇರಾದಲ್ಲಿ ಖಾಸಗಿ ಏರ್‌ಸ್ಟ್ರಿಪ್ ಇದೆ. ಅದೇ ಜಿಲ್ಲೆಯ ಕುಷ್ಟಗಿ, ಯಲಬುರ್ಗಾಗಳ ಒಣ ಬಯಲಿನಂತಹ ನೆಲದಲ್ಲಿ ಬಿಸಿಲು ಮತ್ತು ದೂಳು ಬಟ್ಟೆ, ರಬ್ಬರು, ಗಾಳಿಶೋಧಕಗಳನ್ನು ಕೆಡಿಸಿದರೆ, ಗಂಗಾವತಿಯ ನೀರಾವರಿ ಗದ್ದೆಗಳ ಸೀಮೆಯಂತಹ ತೇವದ ನೆಲದಲ್ಲಿ ತುಕ್ಕಿನ ಕಾಟ ಹೆಚ್ಚು. ವೇಗ ಅಳೆಯಲು ಗಾಳಿಯ ಒತ್ತಡ ಹಿಡಿಯುವ ಪಿಟೊ ನಳಿಕೆಯಲ್ಲಿ ಕಣಜ ಗೂಡು ಕಟ್ಟಿದರೆ ವೇಗಮಾಪಕ ತಪ್ಪು ಹೇಳುತ್ತದೆ. ನಳಿಕೆಗೆ ಮುಚ್ಚಳ ಹಾಕುವ ಅಗ್ಗದ ಅಭ್ಯಾಸ ಇದನ್ನು ತಪ್ಪಿಸುತ್ತದೆ.

ಎಂಜಿನ್ನಿನ ವಿಷಯದಲ್ಲಿ ಓಡಿದ ಗಂಟೆಗಳಷ್ಟೇ ನಿಂತ ವರ್ಷಗಳೂ ಮುಖ್ಯ. ಓಡದೆ ನಿಂತಾಗ ಎಣ್ಣೆಯ ಪದರು ಇಳಿದು ಸಿಲಿಂಡರು, ಕ್ಯಾಮ್ ದಂಡಗಳಿಗೆ ತುಕ್ಕು ಹಿಡಿಯುತ್ತದೆ. ಆದ್ದರಿಂದ ಸಿಲಿಂಡರಿಗೆ ಚದರ ಇಂಚಿಗೆ 80 ಪೌಂಡ್ ಒತ್ತಡದ ಗಾಳಿ ಹಾಯಿಸಿ ಅದು ಎಷ್ಟು ಸೋರುತ್ತದೆಂದು ಅಳೆಯುತ್ತಾರೆ; ಎಣ್ಣೆ ಶೋಧಕವನ್ನು ಕತ್ತರಿಸಿ ಮಡಿಕೆಗಳಲ್ಲಿ ಲೋಹದ ಚೂರುಗಳಿವೆಯೇ ಎಂದು ಹುಡುಕುತ್ತಾರೆ.

ಭಾರತದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದಂತೆ ಪರವಾನಗಿ ಹೊಂದಿದ ನಿರ್ವಹಣಾ ಎಂಜಿನಿಯರ್ ಸಹಿ ಮಾಡದೆ ದುರಸ್ತಿಯಾದ ವಿಮಾನವು ಹಾರುವಂತಿಲ್ಲ. ದಾಖಲೆಯಿಲ್ಲದ ಬಿಡಿಭಾಗ ಎಷ್ಟೇ ಅಗ್ಗವಾದರೂ ಕೊಳ್ಳತಕ್ಕದ್ದಲ್ಲ. ಲಾಗ್‌ಬುಕ್ ಕಳೆದುಹೋದ ವಿಮಾನದಲ್ಲಿ ಭಾಗಗಳ ಆಯುಷ್ಯವನ್ನು ಸಾಬೀತುಪಡಿಸುವುದು ಕಷ್ಟವಾದ್ದರಿಂದ ಅವನ್ನು ಮತ್ತೆ ಪರೀಕ್ಷಿಸುವ ಅಥವಾ ಬದಲಿಸುವ ವೆಚ್ಚ ಕೊಂಡವರ ಮೇಲೆಯೇ ಬೀಳುತ್ತದೆ.